ಪರಿಸರ ಚಳವಳಿ ನಿಜವಾಗ್ಲೂ 1962ರಲ್ಲೇ ಶುರುವಾಯ್ತಾ?

ಮಳೆಹುಳ:
ಎಲ್ಲಿ ಓದಿದ್ರೂ 1962ರಲ್ಲಿ ಬಂದ ರೇಚಲ್ ಕಾರ್ಸನ್ ಅವರ ಸೈಲೆಂಟ್ ಸ್ಪ್ರಿಂಗ್ ಪುಸ್ತಕದಿಂದ್ಲೇ ಎಲ್ಲಾ ಶುರುವಾಯ್ತು ಅಂತಾರೆ. ಅದಕ್ಕೆ ಮುಂಚೆ ಹೊಗೆ, ಕೊಳಕು ನೀರು ಯಾರ ಕಣ್ಣಿಗೂ ಬಿದ್ದಿರ್ಲಿಲ್ವಾ? ತಿಳಿದವ್ರು ಹೇಳಿ.

ಗೂಬೆಕಣ್ಣು:
ಬಿದ್ದಿತ್ತು ಮಾರಾಯ್ರೇ. ಬ್ರಿಟನ್ನಲ್ಲಿ ವಾಷಿಂಗ್ ಸೋಡಾ ಮಾಡೋ ಫ್ಯಾಕ್ಟರಿಗಳ ಆಸಿಡ್ ಹೊಗೆಗೆ ಸುತ್ತಲಿನ ಬೆಳೆ, ಮರ ಎಲ್ಲ ಸುಟ್ಟುಹೋಗ್ತಿತ್ತು ಅಂತ 1863ರಲ್ಲೇ ಆಲ್ಕಲಿ ಆಕ್ಟ್ ಅನ್ನೋ ಕಾನೂನು ತಂದಿದ್ರು. ಅಮೆರಿಕದಲ್ಲಿ ಜಾನ್ ಮ್ಯೂರ್ ಮತ್ತೆ ಅವರ ಗೆಳೆಯರು 1892ರಲ್ಲಿ ಸಿಯೆರಾ ಕ್ಲಬ್ ಕಟ್ಟಿದ್ರು. ಆದ್ರೆ ಎರಡಕ್ಕೂ ಸಂಬಂಧನೇ ಇರ್ಲಿಲ್ಲ, ಅಲ್ಲಿ ಬೆಳೆ ಹಾಳಾದವರ ಜಗಳ, ಇಲ್ಲಿ ಕಾಡು-ಬೆಟ್ಟ ಉಳಿಸೋ ಆಸೆ. ಕಾರ್ಸನ್ ಇವೆರಡನ್ನೂ ಗಂಟು ಹಾಕಿದ್ರು, ಡಿಡಿಟಿ ಅನ್ನೋ ಕೀಟನಾಶಕ ಹುಳದಿಂದ ಹಕ್ಕಿಗೆ ಹೋಗುತ್ತೆ, ನಮ್ಮ ಮೈಯೊಳಗೂ ಬರುತ್ತೆ ಅಂತ ತೋರಿಸಿದ್ಮೇಲೆ ಹಕ್ಕಿ ಸಾಯೋದು ಬರೀ ಹಕ್ಕಿ ನೋಡೋರ ತಲೆನೋವಾಗಿ ಉಳೀಲಿಲ್ಲ. ಹಾಗಿದ್ರೂ ಅಮೆರಿಕ ಡಿಡಿಟಿ ನಿಷೇಧ ಮಾಡೋಕೆ 1972 ಆಯ್ತು.

ಹೊಳೆದಂಡೆ:
ನನ್ ಲೆಕ್ಕದಲ್ಲಿ 1969 ಮುಖ್ಯ. ಜನವರಿಲಿ ಸಾಂತಾ ಬಾರ್ಬರಾ ಕಡಲಲ್ಲಿ ತೈಲಬಾವಿ ಸಿಡಿದು ದಡ ತುಂಬ ಎಣ್ಣೆ, ಜೂನಲ್ಲಿ ಕ್ಲೀವ್‌ಲ್ಯಾಂಡಿನ ಕಯಹೋಗಾ ನದಿಗೇ ಬೆಂಕಿ (ನೀರ ಮೇಲೆ ತೇಲ್ತಿದ್ದ ಎಣ್ಣೆ-ಕಸ ಹೊತ್ಕೊಂಡಿತ್ತು). ತಮಾಷೆ ಏನಂದ್ರೆ ಅದು ಉರಿದಿದ್ದು ಅರ್ಧ ಗಂಟೆಯಷ್ಟೇ, ಫೋಟೋದೋರು ಬರೋಷ್ಟ್ರಲ್ಲಿ ಆರಿಹೋಗಿತ್ತು, ಟೈಮ್ ಪತ್ರಿಕೆ ಹಾಕಿದ್ದು 1952ರ ಬೆಂಕಿ ಫೋಟೋ! ಆ ನದಿ ಮುಂಚೆನೂ ಎಷ್ಟೋ ಸಲ ಹೊತ್ತಿ ಉರಿದಿತ್ತು, 1952ರಲ್ಲಂತೂ ನಷ್ಟ ಇನ್ನೂ ಜಾಸ್ತಿ. ನದಿ ಬದಲಾಗಿರ್ಲಿಲ್ಲ, ನೋಡೋ ಜನ ಬದಲಾಗಿದ್ರು. ಮಾರನೇ ವರ್ಷ ಏಪ್ರಿಲ್ 22ರ ಮೊದಲ ಅರ್ಥ್ ಡೇಗೆ, ಅಂದ್ರೆ ಭೂಮಿ ದಿನಕ್ಕೆ, ಸುಮಾರು 2 ಕೋಟಿ ಜನ ಸೇರಿದ್ರು.

ಬೇರುಗೆಣಸು:
ಬರೀ ಅಮೆರಿಕ ಪುರಾಣ ಆಯ್ತಲ್ಲ ಸ್ವಾಮಿ. ಜಪಾನಿನ ಮಿನಾಮಾಟದಲ್ಲಿ ಕಾರ್ಖಾನೆ ಪಾದರಸ ಮೀನಿಗೆ ಸೇರಿ ಜನರ ಕೈಕಾಲು ಸೊಟ್ಟಗಾಗಿದ್ದು ಬಯಲಾಗಿದ್ದು 1956ರಲ್ಲಿ, ಕಾರಣ ಇದೇ ಅಂತ ಸರ್ಕಾರ ಒಪ್ಪಿದ್ದು 1968ಕ್ಕೆ, ಅಲ್ಲೀವರೆಗೆ ಬಡಿದಾಡಿದವರು ಮೀನುಗಾರರ ಮನೆಯೋರು. 1974ರಲ್ಲಿ ನಮ್ಮ ಹಿಮಾಲಯದ ರೇಣಿ ಹಳ್ಳಿಯಲ್ಲಿ ಗೌರಾದೇವಿ ಜೊತೆ ಹೆಂಗಸರು ಮರ ಕಡಿಯೋಕೆ ಬಂದೋರಿಗೆ ಅಡ್ಡ ನಿಂತಾಗ ಯಾವ ಪುಸ್ತಕ ಓದಿದ್ರು? ಕಾಡು ಹೋದ್ರೆ ಸೌದೆ ಇಲ್ಲ, ಮೇವಿಲ್ಲ, ಗುಡ್ಡ ಕುಸಿದು ಊರೇ ಇಲ್ಲ, ಅಷ್ಟೇ.

ಮಳೆಹುಳ:
ಆ ಫೋಟೋ ವಿಷ್ಯ ಗೊತ್ತೇ ಇರ್ಲಿಲ್ಲ. 1952ರಲ್ಲಿ ಯಾಕೆ ಗಲಾಟೆ ಆಗ್ಲಿಲ್ಲ ಹಾಗಾದ್ರೆ?

ಹೊಳೆದಂಡೆ:
ಆಗ ಅದು ಫೈರ್ ಬ್ರಿಗೇಡ್ ಕೆಲಸ. ಕಾರ್ಖಾನೆ ಇದ್ಮೇಲೆ ಇವೆಲ್ಲ ಇದ್ದದ್ದೇ ಅನ್ಕೊಂಡು ಸುಮ್ನಾಗಿದ್ರು.