‘ಲೆ ಮಿಸರಾಬ್ಲ್’ ತೋರಿಸಿ ಕೃಪೆಯ ಬಗ್ಗೆ ಮಾತಾಡಿಸುವುದು ಹೇಗೆ?

ಪ್ರಶ್ನೆ: ಯುವಜನರ ಬೈಬಲ್ ಕೂಟದಲ್ಲಿ 2012ರ ಸಂಗೀತ ಸಿನಿಮಾ ‘ಲೆ ಮಿಸರಾಬ್ಲ್’ ತೋರಿಸಬೇಕೆಂದಿದ್ದೇವೆ. ಸುಮಾರು 20 ಜನ, ಎಲ್ಲರೂ 16 ದಾಟಿದವರು. ಮಾತಿಗಿಂತ ಹಾಡೇ ಜಾಸ್ತಿ, ಉದ್ದವೂ ಹೌದು. ಚರ್ಚೆ ಬರೀ ‘ಒಳ್ಳೆಯವರಾಗಿರಿ’ ಅನ್ನುವಲ್ಲಿಗೆ ನಿಲ್ಲಬಾರದು. ಮಾಡಿ ಗೊತ್ತಿದ್ದವರು ತಿಳಿಸಿ.

ಬೈಬಲ್ ಕ್ಲಾಸ್: ಸಿನಿಮಾ 158 ನಿಮಿಷ. ಒಂದೇ ಸಂಜೆಗೆ ಚರ್ಚೆಯನ್ನೂ ತುರುಕಿದರೆ ಎರಡೂ ಕೆಡುತ್ತವೆ. ‘ಒನ್ ಡೇ ಮೋರ್’ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಉಳಿದದ್ದು ಮುಂದಿನ ವಾರಕ್ಕೆ. ಇದರ ಮೂಲ ಸಂಗೀತ ನಾಟಕದಲ್ಲಿ ಮೊದಲ ಅಂಕ ಮುಗಿಯುವುದೂ ಅಲ್ಲಿಗೇ. ಮೂರನೇ ವಾರ ಪೂರ್ತಿ ಚರ್ಚೆಗಿರಲಿ. ‘ಲವ್ಲಿ ಲೇಡೀಸ್’ ಭಾಗದಲ್ಲಿ ವೇಶ್ಯಾವಾಟಿಕೆ ಇದೆ, ಕೊನೆಯ ಹೊತ್ತಿಗೆ ಆತ್ಮಹತ್ಯೆಯೂ ಇದೆ. ಎರಡನ್ನೂ ಮೊದಲೇ ಹೇಳಿಬಿಡಿ.

ಕ್ವಾಯರ್ ಮಾಸ್ಟರ್: ಮೂರನೇ ವಾರಕ್ಕೆ ಎರಡೇ ತುಣುಕು ಸಾಕು. ಒಂದು, ತನ್ನ ಮನೆಯ ಬೆಳ್ಳಿ ಕದ್ದು ಸಿಕ್ಕಿಬಿದ್ದ ಮಾಜಿ ಕೈದಿ ವಾಲ್ಜಾನ್‌ನನ್ನು ಬಿಷಪ್ ‘ನಾನೇ ಕೊಟ್ಟದ್ದು’ ಎಂದು ಪೊಲೀಸರಿಂದ ಬಿಡಿಸಿ, ಬೆಳ್ಳಿಯನ್ನೂ ಕೊಟ್ಟು ಕಳಿಸಿದ ಮೇಲೆ ಅವನು ಒಬ್ಬನೇ ಹಾಡುವುದು. ಇನ್ನೊಂದು, ವಾಲ್ಜಾನ್ ಪ್ರಾಣ ಉಳಿಸಿ ಬಿಟ್ಟ ಮೇಲೆ, ಅವನನ್ನು ಬೆನ್ನಟ್ಟುತ್ತಿದ್ದ ಪೊಲೀಸ್ ಅಧಿಕಾರಿ ಜಾವೇರ್ ಸೇನ್ ನದಿಯ ಮೇಲೆ ನಿಂತು ಹಾಡುವುದು. ರಾಗ ಎರಡಕ್ಕೂ ಒಂದೇ! ಬೆನ್ನಿಗೆ ಬೆನ್ನು ಹಚ್ಚಿ ಹಾಕಿ, ‘ರಾಗ ಯಾಕೆ ಒಂದೇ ಇಟ್ಟಿದ್ದಾರೆ?’ ಅಂತ ಮಾತ್ರ ಕೇಳಿ ಸುಮ್ಮನಾಗಿ. ಇಬ್ಬರಿಗೂ ಸಿಕ್ಕಿದ್ದು ದುಡಿಯದೆ ಬಂದ ಕರುಣೆ. ಒಬ್ಬ ಪೆರೋಲ್ ಕಾಗದ ಹರಿದು ಗಾಳಿಗೆ ತೂರುತ್ತಾನೆ. ಇನ್ನೊಬ್ಬನಿಗೆ ಆ ಸಾಲ ಹೊತ್ತು ಬದುಕಲಾಗುವುದಿಲ್ಲ. ನೀವೇ ವಿವರಿಸಲು ಹೋದರೆ ಕೇಳುವವರ ಕಿವಿ ಅಲ್ಲಿಗೇ ಮುಚ್ಚಿತು.

ಬಿಷಪ್ ಒಳಗೆ ಕರೆಯುವ ರಾಗವನ್ನೂ ಗಮನಿಸಿ. ಬಂಡಾಯದಲ್ಲಿ ಗೆಳೆಯರನ್ನು ಕಳಕೊಂಡ ವಿದ್ಯಾರ್ಥಿ ಮರಿಯಸ್ ‘ಎಂಪ್ಟಿ ಚೇರ್ಸ್’ ಹಾಡುವಾಗ ಅದೇ ಮರಳಿ ಬರುತ್ತದೆ.

ಸೌಂಡ್ ಬಾಕ್ಸ್: ಧ್ವನಿಯೇ ಇಲ್ಲಿ ಕೈಕೊಡುವುದು. ನಟರು ಚಿತ್ರೀಕರಣದಲ್ಲೇ ಹಾಡಿದ್ದಾರೆ, ಕಿವಿಯಲ್ಲಿ ಬರೀ ಪಿಯಾನೋ. ವಾದ್ಯವೃಂದ ಸೇರಿದ್ದು ಆಮೇಲೆ. ಹಾಗಾಗಿ ಪಿಸುಮಾತಿನಿಂದ ಚೀರಾಟದವರೆಗೆ ಏರಿಳಿತ ಬಹಳ. ಟಿವಿಯ ಸ್ಪೀಕರ್ ನಂಬಬೇಡಿ. ಬೇರೆ ಸ್ಪೀಕರ್ ಇಟ್ಟು, ಧ್ವನಿಯ ಏರಿಳಿತ ತಗ್ಗಿಸುವ ನೈಟ್ ಮೋಡ್ ಇದ್ದರೆ ಹಾಕಿ. ಸಬ್‌ಟೈಟಲ್ ಬೇಕೇ ಬೇಕು. ಹಾಡಿನ ಪದ ತಪ್ಪಿದರೆ ಕಥೆಯೇ ತಪ್ಪುತ್ತದೆ.

ಬೈಬಲ್ ಕ್ಲಾಸ್: ಜಾವೇರ್‌ನನ್ನು ಖಳನಾಯಕ ಮಾಡಿಬಿಡುವುದು ಎಲ್ಲರೂ ಮಾಡುವ ತಪ್ಪು. ಅವನ ‘ಸ್ಟಾರ್ಸ್’ ಹಾಡು ಕೇಳಿ: ಅವನೂ ದೇವರನ್ನೇ ಸಾಕ್ಷಿಯಾಗಿಟ್ಟು ಆಣೆ ಇಡುತ್ತಾನೆ. ಬಿದ್ದವನು ಬೆಲೆ ತೆರಲೇಬೇಕು ಅನ್ನುವುದೇ ಅವನ ಭಕ್ತಿ. ಲೂಕ 15ರ ಹಿರಿಮಗನ (ದಾರಿ ತಪ್ಪಿ ಮರಳಿದ ತಮ್ಮನನ್ನು ತಂದೆ ಕ್ಷಮಿಸಿದ್ದಕ್ಕೆ ಸಿಟ್ಟಾದವನು) ಜೊತೆ ಓದಿಸಿ, ತಾನಾಗಿ ಹೊಂದುತ್ತದೆ. ಅವನ ಸಾವನ್ನು ‘ತಕ್ಕ ಶಿಕ್ಷೆ’ ಅನ್ನಬೇಡಿ. ಹಾಗಂದರೆ ನಾವೂ ಜಾವೇರನ ತಕ್ಕಡಿ ಹಿಡಿದಂತೆ. ಕೇಳುವವರಲ್ಲಿ ಯಾರು ಯಾವ ಸಂಕಟದಲ್ಲಿದ್ದಾರೋ!

ಪ್ರಶ್ನೆ: ಬಿಷಪ್ ಪೊಲೀಸರಿಗೆ ಸುಳ್ಳು ಹೇಳಿದರಲ್ಲ ಅಂದರೆ?

ಹಳೇ ಓದುಗ: ಖಂಡಿತ ಕೇಳುತ್ತಾರೆ. ಈ ಕಥೆಗೆ ಮೂಲವಾದ ವಿಕ್ಟರ್ ಹ್ಯೂಗೋನ 1862ರ ಕಾದಂಬರಿಯಲ್ಲಿ ಇದಕ್ಕೆ ನೆಲೆ ಇದೆ: ಪೊಲೀಸರು ಬರುವುದಕ್ಕೆ ಮೊದಲೇ ಬಿಷಪ್ ಮನೆಯಲ್ಲಿ, ಆ ಬೆಳ್ಳಿ ಬಡವರದ್ದು, ನಾನೇ ಇಷ್ಟು ದಿನ ತಪ್ಪಾಗಿ ಇಟ್ಟುಕೊಂಡಿದ್ದೆ ಎಂಬರ್ಥದಲ್ಲಿ ಹೇಳುತ್ತಾರೆ. ಸಿನಿಮಾದಲ್ಲಿ ಈ ಮಾತಿಲ್ಲ, ನೀವು ಸೇರಿಸಬೇಕು. ಬೆಳ್ಳಿಯಿಂದ ನಿನ್ನ ‘ಆತ್ಮ ಕೊಂಡೆ’ ಎಂದು ಕಾದಂಬರಿಯ ಬಿಷಪ್ ವಾಲ್ಜಾನ್‌ಗೆ ಹೇಳುವ ಮಾತೂ ತೊಡಕಿನದೇ. ಅದು ವ್ಯಾಪಾರದಂತೆ ಕೇಳಿಸುತ್ತದೆ. ಎಫೆಸ 2:8–9 (ರಕ್ಷಣೆ ಕೃಪೆಯಿಂದ, ದುಡಿಮೆಯಿಂದಲ್ಲ ಅನ್ನುವ ವಚನ) ಪಕ್ಕದಲ್ಲಿಟ್ಟು ಜಗಳವಾಡಲು ಬಿಡಿ.

ಇನ್ನೊಂದು: ಕೊನೆಯಲ್ಲಿ ವಾಲ್ಜಾನ್‌ನನ್ನು ಕರೆದೊಯ್ಯಲು ನಾಟಕದಲ್ಲಿ ಫಾಂಟೀನ್ (ಅವನು ಸಾಕಿದ ಹುಡುಗಿಯ ಸತ್ತ ತಾಯಿ) ಜೊತೆ ಎಪೊನೀನ್ (ಮರಿಯಸ್‌ನನ್ನು ಪ್ರೀತಿಸಿ ಸತ್ತವಳು) ಬರುತ್ತಾಳೆ. ಸಿನಿಮಾದಲ್ಲಿ ಎಪೊನೀನ್ ಬದಲು ಬಿಷಪ್ ಕಾಯುತ್ತಿರುತ್ತಾರೆ. ಬಿಷಪ್ ಪಾತ್ರ ಮಾಡಿದ ಕೋಲಮ್ ವಿಲ್ಕಿನ್ಸನ್ 1985ರ ಲಂಡನ್ ಪ್ರಯೋಗದ ವಾಲ್ಜಾನ್!

ಕ್ವಾಯರ್ ಮಾಸ್ಟರ್: ಮುಕ್ತಾಯದ ಹಾಡಿಗೆ ಯೆಶಾಯ 2:4 ತೆಗೆದಿಡಿ. ಕತ್ತಿ ಬದಿಗಿಟ್ಟು ನೇಗಿಲ ಹಿಂದೆ ನಡೆಯುವೆವು ಅನ್ನುವ ಹಾಡಿನ ಮಾತು ಆ ವಚನವನ್ನೇ ನೆನಪಿಸುತ್ತದೆ. ಆ ಕೊನೆಯ ದೃಶ್ಯ ಸ್ವರ್ಗವೋ, ಗೆದ್ದ ಕ್ರಾಂತಿಯೋ? ಸಿನಿಮಾ ಎರಡನ್ನೂ ಬೆರೆಸಿದೆ. ನನ್ನ ಮಟ್ಟಿಗೆ ಅದು ಸ್ವಲ್ಪ ಜಾಣತನದ ಜಾರಿಕೆ. ಈ ಪ್ರಶ್ನೆಗೆ ಕಡಿಮೆ ಎಂದರೂ 20 ನಿಮಿಷ ಉಳಿಸಿಕೊಳ್ಳಿ.