ಸಹಾಯ ಬೇಕು: ಮೆಟ್ಟಿಲ ಕೆಳಗೆ ಸುಟ್ಟ ಮೀಟರ್ ಬೋರ್ಡ್, ಓನರ್ ಕಿವಿಗೇ ಹಾಕ್ಕೊಳ್ತಿಲ್ಲ

ನಮಸ್ಕಾರ. ಕುವೆಂಪುನಗರದ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೀವಿ. ಮೊನ್ನೆ ರಾತ್ರಿ ಮೀಟರ್ ಬೋರ್ಡಿಂದ ಚಟಪಟ ಸದ್ದು, ಆಮೇಲೆ ವೈರ್ ಸುಟ್ಟ ವಾಸನೆ. ಲೈನ್‌ಮನ್ ಬಂದು ಫ್ಯೂಸ್ ಎಳೆದ್ರೆ, ಒಳಗೆ ಫ್ಯೂಸ್ ತಂತಿ ಬದಲು ದಪ್ಪ ತಾಮ್ರದ ತಂತಿ ಸುತ್ತಿದ್ದಾರೆ! ಲೋಡ್ ಜಾಸ್ತಿಯಾದ್ರೂ ಅದು ಕರಗಲ್ಲ, ಗೋಡೆಯೊಳಗಿನ ವೈರೇ ಬಿಸಿಯಾಗುತ್ತೆ. ಪಕ್ಕದಲ್ಲೇ ಓನರ್ ಇಟ್ಟಿರೋ ಹಳೇ ಹಾಸಿಗೆ, ಪೇಂಟ್ ಡಬ್ಬ. ಇಳಿಯೋಕೆ ಅದೊಂದೇ ಮೆಟ್ಟಿಲು, ಟೆರೇಸಿಗೆ ಬೀಗ. ಬೆಂಕಿ ಆರಿಸೋ ಸಿಲಿಂಡರಿನ ಒತ್ತಡ ತೋರಿಸೋ ಮುಳ್ಳು ಕೆಂಪಲ್ಲಿದೆ (ಅಂದ್ರೆ ಅದನ್ನ ನಂಬೋ ಹಾಗಿಲ್ಲ), ಅದಕ್ಕೆ ಯಾರೋ ಕೊಡೆ ನೇತುಹಾಕಿದ್ದಾರೆ. ಓನರ್ ಕೇಳಿದ್ರೆ "ಇಷ್ಟು ವರ್ಷ ಏನೂ ಆಗಿಲ್ವಲ್ಲಮ್ಮ" ಅಂತಾರೆ. (ಬಾಡಿಗೆ ಏರಿಸೋದು ಮಾತ್ರ ಮರೆಯಲ್ಲ.) ನಮ್ಮತ್ತೆಗೆ ಮಂಡಿನೋವು, ಓಡಿ ಇಳಿಯೋಕಾಗಲ್ಲ. ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಹೇಳಿದ್ದಾಯ್ತು. ಅಗ್ನಿಶಾಮಕ ಠಾಣೆಗೋ ಪಾಲಿಕೆಗೋ ಬಾಡಿಗೆದಾರರೇ ಅರ್ಜಿ ಕೊಟ್ಟು ಪರಿಶೀಲನೆ ಮಾಡಿಸಿದವರು ಇದ್ರೆ, ಹೇಗೆ ಬರೆದ್ರಿ ಅಂತ ದಯವಿಟ್ಟು ತಿಳಿಸಿ.