ರಿಮೋಟ್ ಡೆಸ್ಕ್‌ಟಾಪ್ ಫುಲ್ ಸ್ಕ್ರೀನ್‌ನಿಂದ ಹೊರಗ ಬರೂದು ಹೆಂಗ? ಎಸ್ಕೇಪ್ ಒತ್ತಿದ್ರೂ ಬಿಡವಲ್ದು

ಬ್ಯಾಡಗಿ_ಲೆಕ್ಕ:
ಬ್ಯಾಡಗಿ ಮೆಣಸಿನಕಾಯಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಅಲ್ಲಿನ ಕಂಪ್ಯೂಟರಿನಾಗ ಐತಿ. ಹುಬ್ಬಳ್ಳಿಯಿಂದ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಹಚ್ಚಿ ಎಂಟ್ರಿ ಹಾಕಬೇಕು. ಕನೆಕ್ಟ್ ಆದ ಕೂಡ್ಲೆ ಪರದೆ ತುಂಬ ಆ ಕಡೆಯ ಡೆಸ್ಕ್‌ಟಾಪ್ ಕುಂದರತೈತಿ. ಎಸ್ಕೇಪ್, ಎಫ್11, ವಿಂಡೋಸ್ ಕೀ ಜೋಡಿ ಡಿ, ಆಲ್ಟ್-ಟ್ಯಾಬ್ ಎಲ್ಲಾ ಒತ್ತಿ ಆತು. ಮ್ಯಾಲೆ ನೀಲಿ ಪಟ್ಟಿ ಬರತೈತಿ ಅಂತಾರ, ಅದೂ ಕಾಣವಲ್ದು. ಈ ಕಡೆಯ ಎಕ್ಸೆಲ್ ಹಾಳಿ ನೋಡಕೋತ ಎಂಟ್ರಿ ಹಾಕಬೇಕಾಗೇತಿ. ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್, ಬ್ರೇಕ್ ಅನ್ನೂ ಕೀ ಅದರಾಗ ಇಲ್ಲ. ಏನ್ ಮಾಡಬೇಕ್ರಿ?

ವಿದ್ಯಾನಗರ_ನೆಟ್:
ನಿಮಗೆ ಬೇಕಾದ ಜೋಡಣೆ ಕಂಟ್ರೋಲ್ + ಆಲ್ಟ್ + ಬ್ರೇಕ್. ಒಮ್ಮೆ ಒತ್ತಿದರೆ ಕಿಟಕಿಯಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಪೂರ್ತಿ ಪರದೆ. ಥಿಂಕ್‌ಪ್ಯಾಡ್‌ನಲ್ಲಿ ಬ್ರೇಕ್ ಕೀಯನ್ನು ಬಿ ಅಕ್ಷರದ ಹಿಂದೆ ಅಡಗಿಸಿದ್ದಾರೆ: ಕಂಟ್ರೋಲ್ + ಆಲ್ಟ್ ಹಿಡಿದುಕೊಂಡು, ಎಫ್‌ಎನ್ + ಬಿ ಒತ್ತಿ. ಎಫ್‌ಎನ್ ತಪ್ಪಿದರೆ ಬರೀ ಕಂಟ್ರೋಲ್-ಆಲ್ಟ್-ಬಿ ಆ ಕಡೆಯ ಕಂಪ್ಯೂಟರಿಗೆ ಹೋಗುತ್ತದೆ, ಇಲ್ಲಿ ಏನೂ ಆಗುವುದಿಲ್ಲ.

ಎಸ್ಕೇಪ್, ಎಫ್11 ಯಾಕೆ ಕೆಲಸ ಮಾಡಲ್ಲ ಅಂದರೆ, ನೀವು ಒತ್ತಿದ ಕೀಗಳೆಲ್ಲ ನೇರ ಬ್ಯಾಡಗಿಗೆ ಹೋಗುತ್ತವೆ. ಫುಲ್ ಸ್ಕ್ರೀನ್ ಇದ್ದಾಗ ಆಲ್ಟ್-ಟ್ಯಾಬ್, ವಿಂಡೋಸ್ ಕೀ ಕೂಡ ಅಲ್ಲಿಗೇ. ಹಾಗಾಗಿ ದಯವಿಟ್ಟು ಆಲ್ಟ್ + ಎಫ್4 ಮಾತ್ರ ಒತ್ತಿ ನೋಡಬೇಡಿ, ಮುಚ್ಚುವುದು ರಿಮೋಟ್ ಡೆಸ್ಕ್‌ಟಾಪ್ ಅಲ್ಲ, ಅಲ್ಲಿ ತೆರೆದಿರುವ ಟ್ಯಾಲಿ. ಈ ಕಡೆಯ ವಿಂಡೋಸ್ ಯಾವಾಗಲೂ ತಾನೇ ಹಿಡಿದುಕೊಳ್ಳುವುದು ಕಂಟ್ರೋಲ್ + ಆಲ್ಟ್ + ಡಿಲೀಟ್. ಬೇರೆ ಏನೂ ಆಗದಿದ್ದರೆ ಅದನ್ನೊತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ರಿಮೋಟ್ ಡೆಸ್ಕ್‌ಟಾಪ್ ಮುಗಿಸಬಹುದು. ಅದು ಡಿಸ್ಕನೆಕ್ಟ್ ಅಷ್ಟೇ, ಅಲ್ಲಿನ ಟ್ಯಾಲಿ ತೆರೆದೇ ಇರುತ್ತದೆ, ಮತ್ತೆ ಕನೆಕ್ಟ್ ಆದರೆ ಬಿಟ್ಟಲ್ಲಿಂದ ಸಿಗುತ್ತದೆ.

ನೀಲಿ ಪಟ್ಟಿ ಕಾಣದಿರಲು ಎರಡು ಕಾರಣ. ಪಟ್ಟಿಯ ಎಡತುದಿಯ ಪಿನ್ ಬಿಚ್ಚಿದ್ದರೆ ಅದು ಮೇಲಕ್ಕೆ ಸರಿದು ಮರೆಯಾಗುತ್ತದೆ. ಮೌಸನ್ನು ಪರದೆಯ ಮೇಲಂಚಿನ ನಡುವಿಗೆ ತಾಗಿಸಿ ಒಂದು ಕ್ಷಣ ನಿಲ್ಲಿಸಿ, ಇಳಿದು ಬರುತ್ತದೆ. ಬರಲೇ ಇಲ್ಲವೆಂದರೆ ಪಟ್ಟಿಯನ್ನೇ ಆಫ್ ಮಾಡಲಾಗಿದೆ. ಕನೆಕ್ಟ್ ಮಾಡುವ ಮೊದಲು ಶೋ ಆಪ್ಷನ್ಸ್ ಒತ್ತಿ, ಡಿಸ್‌ಪ್ಲೇ ಟ್ಯಾಬ್‌ನ ಕೆಳಗೆ ಕನೆಕ್ಷನ್ ಬಾರ್ ತೋರಿಸುವ ಚೌಕಕ್ಕೆ ಟಿಕ್ ಹಾಕಿ.

ಧಾರವಾಡ_ಡಿಟಿಪಿ:
ಮ್ಯಾಲಿನ ಮಾತು ಖರೆ ಐತಿ, ಆದ್ರ ಎಲ್ಲಾ ಲ್ಯಾಪ್‌ಟಾಪಿಗೂ ಬಿ ಅಲ್ರಿ. ಡೆಲ್‌ನಾಗ ಬಹಳಷ್ಟು ಮಾಡೆಲ್‌ಗೆ ಎಫ್‌ಎನ್ + ಬಿ ನಡೀತೈತಿ. ಎಚ್‌ಪಿ ಲ್ಯಾಪ್‌ಟಾಪ್ ಕೆಲವಕ್ಕ ಎಫ್‌ಎನ್ + ಆರ್ ಒತ್ತಬೇಕು. ಯಾವುದೂ ತಾಗಲಿಲ್ಲಂದ್ರ ಯುಎಸ್‌ಬಿ ದೊಡ್ಡ ಕೀಬೋರ್ಡ್ ಒಂದ ಚುಚ್ಚಿ ಬಿಡ್ರಿ. ಎಫ್12ರ ಬಲಕ್ಕ ಮೂರು ಕೀ ಇರತಾವ: ಪ್ರಿಂಟ್ ಸ್ಕ್ರೀನ್, ಸ್ಕ್ರಾಲ್ ಲಾಕ್, ಪಾಸ್ (Pause). ಆ ಮೂರನೇದೇ ಬ್ರೇಕ್. ಅದರ ಮ್ಯಾಲೆ ಬರೇ ಪಾಸ್ ಅಂತ ಬರದಿದ್ರೂ, ಕಂಟ್ರೋಲ್ ಹಿಡಿದು ಒತ್ತಿದ್ರ ಬ್ರೇಕ್ ಅಂತನ ಹೋಗತೈತಿ.

ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರಿನೊಳಗ ಕನ್ನಡ-ಇಂಗ್ಲಿಷ್ ಬದಲಿಸಾಕ ಸ್ಕ್ರಾಲ್ ಲಾಕ್ ಬೇಕಾಗತೈತಲ್ಲ, ಅದಕ್ಕ ಟೈಪಿಂಗ್ ಮಾಡೂ ಕಡೆ ಇಂಥಾ ಹಳೇ ಕೀಬೋರ್ಡ್ ಒಂದರೆ ಬಿದ್ದಿರತೈತಿ. ಹೊರಗ ಹಾಕಬ್ಯಾಡ್ರಿ, ಎರಡಕ್ಕೂ ಬರತೈತಿ.

ಬ್ರೇಕ್ ಕೀ ಕೆಟ್ಟಿದ್ರ ಕಂಟ್ರೋಲ್ + ಆಲ್ಟ್ + ಹೋಮ್ ಒತ್ರಿ, ನೀಲಿ ಪಟ್ಟಿ ಎಚ್ಚರಾಗತೈತಿ. ಟ್ಯಾಬ್ ಒತ್ತಿಕೋತ ನಡುವಿನ ಚೌಕದ ಗುಂಡಿಗೆ ಹೋಗಿ ಎಂಟರ್ ಹೊಡೀರಿ. ಸಣ್ಣ ಲ್ಯಾಪ್‌ಟಾಪಿನಾಗ ಹೋಮ್ ಅಂದ್ರ ಬಹಳಷ್ಟು ಸಲ ಎಫ್‌ಎನ್ ಜೋಡಿ ಎಡ ಬಾಣ.

ಬ್ಯಾಡಗಿ_ಲೆಕ್ಕ:
ಎಫ್‌ಎನ್ + ಬಿ ಕೆಲಸ ಮಾಡ್ತು, ಉಪಕಾರ ಆತ್ರಿ! ಆದ್ರ ಕಿಟಕಿ ಆದ್ರೂ ಟ್ಯಾಲಿ ಅರ್ಧ ಕಾಣತೈತಿ, ಬಲಕ್ಕ ಕೆಳಗ ಸ್ಕ್ರಾಲ್ ಪಟ್ಟಿ ಬಂದಾವ. ಎಕ್ಸೆಲ್‌ಗೆ ಜಾಗಾನ ಉಳಿದಿಲ್ಲ.

ವಿದ್ಯಾನಗರ_ನೆಟ್:
ಕನೆಕ್ಟ್ ಆಗುವಾಗ ನಿಮ್ಮ ಪೂರ್ತಿ ಪರದೆಯ ಅಳತೆಯಲ್ಲೇ ಅಲ್ಲಿನ ಡೆಸ್ಕ್‌ಟಾಪ್ ತೆರೆದಿದೆ. ಕಿಟಕಿ ಚಿಕ್ಕದಾದರೂ ಒಳಗಿನ ಅಳತೆ ಅಷ್ಟೇ ಇದೆ, ಅದಕ್ಕೇ ಸ್ಕ್ರಾಲ್ ಪಟ್ಟಿ. ತಕ್ಷಣದ ಉಪಾಯ: ಕಿಟಕಿಯ ಮೇಲೆ ಎಡಮೂಲೆಯ ಚಿಕ್ಕ ಚಿತ್ರ ಒತ್ತಿ, ಮೆನುವಿನಲ್ಲಿ ಸ್ಮಾರ್ಟ್ ಸೈಜಿಂಗ್ ಆರಿಸಿ. ಚಿತ್ರ ಕುಗ್ಗಿ ಕಿಟಕಿಯೊಳಗೆ ಕೂರುತ್ತದೆ, ಆದರೆ ಟ್ಯಾಲಿಯ ಸಣ್ಣ ಅಂಕಿಗಳು ಮಸುಕಾಗುತ್ತವೆ. ದಿನವಿಡೀ ಲೆಕ್ಕ ನೋಡುವ ಕಣ್ಣಿಗೆ ಅದು ಒಳ್ಳೆಯದಲ್ಲ.

ಸರಿಯಾದ ದಾರಿ ಅಳತೆಯನ್ನೇ ಮೊದಲು ಇಳಿಸುವುದು. ಡಿಸ್‌ಪ್ಲೇ ಟ್ಯಾಬ್‌ನ ಸ್ಲೈಡರ್ ಬಲತುದಿಯಲ್ಲಿದ್ದರೆ ಫುಲ್ ಸ್ಕ್ರೀನ್. ಎಡಕ್ಕೆ ಎಳೆದು 1280 × 720ರ ಆಸುಪಾಸು ನಿಲ್ಲಿಸಿ. ನಂತರ ಜನರಲ್ ಟ್ಯಾಬ್‌ಗೆ ಬಂದು ಸೇವ್ ಆ್ಯಸ್ ಒತ್ತಿ ಡೆಸ್ಕ್‌ಟಾಪ್ ಮೇಲೆ ಉಳಿಸಿ, ಇನ್ಮುಂದೆ ಆ ಫೈಲನ್ನೇ ಒತ್ತಿ ತೆಗೆಯಿರಿ. ಬಹಳ ಜನ ಇಲ್ಲೇ ಎಡವುತ್ತಾರೆ: ಸೆಟ್ಟಿಂಗ್ ಬದಲಿಸುತ್ತಾರೆ, ಆದರೆ ಮರುದಿನ ಹಳೆಯ ಶಾರ್ಟ್‌ಕಟ್ ಒತ್ತುತ್ತಾರೆ. ಅದರೊಳಗೆ ಹಳೆಯ ಅಳತೆಯೇ ಉಳಿದಿರುತ್ತದೆ.

ಇನ್ನೊಂದು: ಲೋಕಲ್ ರಿಸೋರ್ಸಸ್ ಟ್ಯಾಬ್‌ನಲ್ಲಿ ಕೀಬೋರ್ಡ್ ಅಂತ ಇದೆ. ಅಲ್ಲಿ ಈ ಕಂಪ್ಯೂಟರ್ ಎಂಬುದನ್ನು ಆರಿಸಿದರೆ ಫುಲ್ ಸ್ಕ್ರೀನ್‌ನಲ್ಲೂ ಆಲ್ಟ್-ಟ್ಯಾಬ್ ನಿಮ್ಮ ಎಕ್ಸೆಲ್‌ಗೇ ಬರುತ್ತದೆ. ನಿಮ್ಮ ಕೆಲಸಕ್ಕೆ ಇದೇ ಹೆಚ್ಚು ಅನುಕೂಲ ಅನ್ನಿಸುತ್ತದೆ.

ಗದಗ_ಲಿನಕ್ಸ್:
ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಚ್ಚಿದವರು ಇಲ್ಲಿ ಬಂದು ಬ್ರೇಕ್ ಹುಡುಕಬ್ಯಾಡ್ರಿ. ಅಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆಗೆಯೂ ರೆಮ್ಮಿನಾ ಅನ್ನೂ ಸಾಫ್ಟ್‌ವೇರಿನಾಗ ಬಲಗಡೆಯ ಕಂಟ್ರೋಲ್ + ಎಫ್, ಎಡಗಡೆಯದು ನಡೆಯಂಗಿಲ್ಲ. ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಎಕ್ಸ್‌ಫ್ರೀಆರ್‌ಡಿಪಿಗೆ ಕಂಟ್ರೋಲ್ + ಆಲ್ಟ್ + ಎಂಟರ್.

ದೂರದ ಕಂಪ್ಯೂಟರ್ ನಡೆಸೂ ಇನ್ನೊಂದು ಪದ್ಧತಿ ವಿಎನ್‌ಸಿ ಬಳಸಿದ್ರ, ಅದರ ಟೈಟ್‌ವಿಎನ್‌ಸಿ ಸಾಫ್ಟ್‌ವೇರಿಗೆ ಕಂಟ್ರೋಲ್ + ಆಲ್ಟ್ + ಶಿಫ್ಟ್ + ಎಫ್. ಟೈಗರ್‌ವಿಎನ್‌ಸಿ ಹಳೇ ಆವೃತ್ತಿಗಳೊಳಗ ಎಫ್8 ಒತ್ತಿದ್ರ ಮೆನು ಬರತೈತಿ, ಅದರಾಗ ಫುಲ್ ಸ್ಕ್ರೀನ್ ಟಿಕ್ ತೆಗೀಬೇಕು. ಟ್ಯಾಲಿಯವರಿಗೆ ಇಲ್ಲೇ ಗಂಟು ಬೀಳತೈತಿ: ಟ್ಯಾಲಿಯೊಳಗ ಎಫ್8 ಅಂದ್ರ ಸೇಲ್ಸ್ ವೋಚರ್. ಒತ್ತಿದಾಗೊಮ್ಮೆ ವೋಚರ್ ಬದಲು ವಿಎನ್‌ಸಿ ಮೆನು ಬಂದು ನಿಂದ್ರತೈತಿ. ಮೆನುದಾಗ ಸೆಂಡ್ ಎಫ್8 ಅಂತ ಐತಿ, ಆದ್ರ ದಿನಕ್ಕ ನೂರು ಬಿಲ್ ಹಾಕೂರಿಗೆ ಅದು ಆಗೂ ಮಾತಲ್ಲ. ಆಪ್ಷನ್ಸ್‌ಗೆ ಹೋಗಿ ಮೆನು ಕೀ ಟ್ಯಾಲಿ ಮುಟ್ಟದ ಬ್ಯಾರೆ ಎಫ್ ಕೀಗೆ ಹಚ್ಚಿರಿ.

ಬ್ಯಾಡಗಿ_ಲೆಕ್ಕ:
1280 × 720 ಇಟ್ಟು ಸೇವ್ ಆ್ಯಸ್ ಮಾಡೇನಿ, ಹಳೇ ಶಾರ್ಟ್‌ಕಟ್ ಅಳಿಸಿ ಹಾಕೇನಿ. ಟ್ಯಾಲಿ ಎಡಕ್ಕ, ಅದು ಮುಚ್ಚದ ಜಾಗಾದಾಗ ಎಕ್ಸೆಲ್ ಬಲಕ್ಕ. ಅಂಕಿ ಚೊಕ್ಕ ಕಾಣಾಕತ್ತಾವ.